ಹಾಸ್ಟೆಲ್ ಜ್ವರಕ್ಕೆ ಮೊದಲ ಮದ್ದು ಹಾಜರಿ ಪುಸ್ತಕದಲ್ಲಿದೆ

ಪ್ರಶ್ನೆ: ನಾನು ಮಲೆನಾಡಿನ ಒಂದು ಪಟ್ಟಣದಲ್ಲಿ ಪದವಿ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಒಟ್ಟು 164 ವಿದ್ಯಾರ್ಥಿನಿಯರಿದ್ದಾರೆ, ಕೊಠಡಿಗೆ ನಾಲ್ವರು. ಆಗಸ್ಟ್ ಮೊದಲ ವಾರ ಊರಿನಿಂದ ಮರಳಿದ ಒಬ್ಬಳಿಗೆ ಜ್ವರ, ಕೆಮ್ಮು, ಮೈಕೈ ನೋವು ಶುರುವಾಯಿತು. ಹತ್ತು ದಿನಗಳಲ್ಲಿ ಒಟ್ಟು 19 ಜನ ಮಲಗಿದ್ದಾರೆ. ತಾಲ್ಲೂಕು ಆಸ್ಪತ್ರೆಯಿಂದ ಇಬ್ಬರ ಮಾದರಿ ಕಳಿಸಿದ್ದಕ್ಕೆ ಇನ್‌ಫ್ಲುಯೆಂಜಾ ಎ ಎಂದು ವರದಿ ಬಂದಿದೆ, ಡೆಂಗಿ ಇಲ್ಲ. ಅಡುಗೆಯವರಿಗಾಗಲಿ ನನಗಾಗಲಿ ಏನೂ ಆಗಿಲ್ಲದ ಕಾರಣ, ಮಕ್ಕಳು ಕುಡಿಯುವ ನೀರಿನಲ್ಲೇ ದೋಷವಿದೆ ಎಂದು ಕೆಲವು ಪೋಷಕರು ಜಗಳಕ್ಕೆ ಬರುತ್ತಿದ್ದಾರೆ. ಮುಂದಿನ ವಾರ ಇಂಟರ್ನಲ್ ಪರೀಕ್ಷೆ. ಪ್ರಾಂಶುಪಾಲರು ಒಮ್ಮೆ ಹಾಸ್ಟೆಲ್ ಮುಚ್ಚೋಣ ಎನ್ನುತ್ತಾರೆ, ಒಮ್ಮೆ ಫಾಗಿಂಗ್ ಮಾಡಿಸೋಣ ಎನ್ನುತ್ತಾರೆ. ಎಲ್ಲರಿಗೂ ಟ್ಯಾಮಿಫ್ಲೂ ಕೊಡಿಸಿ ಎಂದು ಒಬ್ಬರು, ಲಸಿಕೆ ಹಾಕಿಸಿ ಎಂದು ಇನ್ನೊಬ್ಬರು ಒತ್ತಾಯಿಸುತ್ತಿದ್ದಾರೆ. ಕೆಲವರು ಔಷಧದ ಅಂಗಡಿಯಿಂದ ಅಜಿತ್ರೊಮೈಸಿನ್ ತಂದು ನುಂಗುತ್ತಿದ್ದಾರೆ. ನಾನು ಸದ್ಯಕ್ಕೆ ದಿನಕ್ಕೆರಡು ಬಾರಿ ಎಲ್ಲರಿಗೂ ಕಷಾಯ ಕೊಡಿಸುತ್ತಿದ್ದೇನೆ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಲಿ? ಜ್ವರ ಬಂದು ಮನೆಗೆ ಹೋದ ಮೂವರನ್ನು ಯಾವಾಗ ಮರಳಿ ಸೇರಿಸಿಕೊಳ್ಳಬಹುದು?

ಉತ್ತರ: ತಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಹೆತ್ತವರು ನಂಬಿ ಬಿಟ್ಟುಹೋದ ಮಕ್ಕಳಲ್ಲಿ ಯಾರಿಗಾದರೂ ಕೈಮೀರಿದರೆ ಹೊಣೆ ತಮ್ಮ ತಲೆಯ ಮೇಲೆ ಬರುತ್ತದೆ, ಆದ್ದರಿಂದ ಏನನ್ನಾದರೂ ಮಾಡಬೇಕು, ಮಾಡಿದ್ದು ನಾಲ್ಕು ಜನರ ಕಣ್ಣಿಗೂ ಕಾಣಬೇಕು. ಫಾಗಿಂಗ್ ಯಂತ್ರವನ್ನು ಕರೆಸುವ ಮನಸ್ಸಾಗುವುದು ಈ ಒತ್ತಡದಿಂದಲೇ. ಸಮುದಾಯ ವೈದ್ಯಕೀಯದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ, ಅದರಲ್ಲೂ ಒಂದು ಕಾಲೇಜಿನ ಆರೋಗ್ಯ ಕೇಂದ್ರವನ್ನು ನೋಡಿಕೊಂಡ ಅವಧಿಯಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಹಾಸ್ಟೆಲಿನಲ್ಲಿ ಫ್ಲೂ ಹರಡುವಿಕೆಯನ್ನು ನಿಜವಾಗಿ ತಗ್ಗಿಸುವ ಕೆಲಸಗಳಲ್ಲಿ ಹೆಚ್ಚಿನವು ಯಾರ ಕಣ್ಣಿಗೂ ಬೀಳುವಂಥವಲ್ಲ; ಅವುಗಳಲ್ಲಿ ಮೊದಲನೆಯದಂತೂ ಪ್ರಾಂಶುಪಾಲರ ಮೇಜಿನ ಮೇಲೆ, ಹಾಜರಿ ಪುಸ್ತಕದಲ್ಲಿ ಆಗಬೇಕಾದದ್ದು. ಅದಕ್ಕೆ ಬರುವ ಮುನ್ನ ನೀರಿನ ಜಗಳವನ್ನು ಮುಗಿಸೋಣ.

ಫ್ಲೂ ನೀರಿನಿಂದಲೂ ಊಟದಿಂದಲೂ ಬರುವ ಕಾಯಿಲೆಯಲ್ಲ. ಸೋಂಕು ತಗುಲಿದವರು ಕೆಮ್ಮಿದಾಗ, ಸೀನಿದಾಗ, ಅಷ್ಟೇಕೆ, ಹತ್ತಿರ ಕುಳಿತು ಮಾತನಾಡಿದಾಗ ಹೊರಬೀಳುವ ಹನಿಗಳಲ್ಲಿ ವೈರಸ್ ಇರುತ್ತದೆ. ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ಕೆಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಅಡುಗೆಯವರಿಗೆ ಜ್ವರ ಬಾರದಿರುವುದಕ್ಕೆ ಎರಡು ಕಾರಣಗಳಿರಬಹುದು. ಅವರು ರಾತ್ರಿ ಎಂಟು ಗಂಟೆ ಆ ಕೊಠಡಿಗಳಲ್ಲಿ ಮಲಗುವುದಿಲ್ಲ ಎಂಬುದು ಒಂದು. ನಡುವಯಸ್ಸಿನವರ ದೇಹ ಹಿಂದೆಂದೋ ಇದೇ ಬಗೆಯ ವೈರಸ್ಸನ್ನು ಕಂಡಿರುವ ಸಾಧ್ಯತೆ ಹೆಚ್ಚು ಎಂಬುದು ಇನ್ನೊಂದು.

ಇದಕ್ಕೆ ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಪಾಠ ಮಾಡುವ ಒಂದು ಹಳೆಯ ನಿದರ್ಶನವಿದೆ. 1978ರ ಜನವರಿಯಲ್ಲಿ ಉತ್ತರ ಇಂಗ್ಲೆಂಡಿನ ಒಂದು ಗಂಡುಮಕ್ಕಳ ವಸತಿ ಶಾಲೆಯಲ್ಲಿ ಫ್ಲೂ ಕಾಣಿಸಿಕೊಂಡಿತು. ಅಲ್ಲಿದ್ದ 763 ಹುಡುಗರಲ್ಲಿ 512 ಮಂದಿ ಸುಮಾರು ಎರಡು ವಾರಗಳೊಳಗೆ ಹಾಸಿಗೆ ಹಿಡಿದರು. ವಯಸ್ಕ ಸಿಬ್ಬಂದಿಯಲ್ಲಿ ಕಾಯಿಲೆ ಬಿದ್ದವರು ತೀರಾ ವಿರಳ. ಆಗ ಹರಡಿದ್ದ ಎಚ್1ಎನ್1 ಬಗೆಯ ವೈರಸ್ 1957ರವರೆಗೂ ಜನರ ನಡುವೆ ಓಡಾಡಿಕೊಂಡಿತ್ತು, ಆಮೇಲೆ ಇಪ್ಪತ್ತು ವರ್ಷ ಕಾಣೆಯಾಗಿತ್ತು. ದೊಡ್ಡವರ ದೇಹಕ್ಕೆ ಅದರ ಪರಿಚಯವಿತ್ತು, ಹುಡುಗರ ದೇಹಕ್ಕೆ ಇರಲಿಲ್ಲ. ಆ ಶಾಲೆಯ ನೀರಿನಲ್ಲಿ ದೋಷವೇನೂ ಇರಲಿಲ್ಲ ಎಂದು ಪೋಷಕರಿಗೆ ಹೇಳಬಹುದು. ಆದರೂ ನೀರಿನ ಪರೀಕ್ಷೆಯನ್ನು ಒಮ್ಮೆ ಮಾಡಿಸಿ ವರದಿಯನ್ನು ಗೋಡೆಗೆ ಅಂಟಿಸಿಬಿಡಿ. ಮಳೆಗಾಲದಲ್ಲಿ ಅದು ಹೇಗೂ ಆಗಬೇಕಾದ ಕೆಲಸ, ಜಗಳವೂ ಅಲ್ಲಿಗೆ ನಿಲ್ಲುತ್ತದೆ.

ಇನ್ನು ತಮ್ಮ ಅಂಕಿಗಳಿಗೆ ಬರುತ್ತೇನೆ. ಸೋಂಕು ತಗುಲಿದ ಒಂದರಿಂದ ನಾಲ್ಕು ದಿನಗಳಲ್ಲಿ, ಸಾಮಾನ್ಯವಾಗಿ ಎರಡನೆಯ ದಿನ, ಜ್ವರ ಕಾಣಿಸಿಕೊಳ್ಳುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ಕಾಯಿಲೆ ದಾಟಲು ಸರಾಸರಿ ಮೂರು ದಿನ ಹಿಡಿಯುತ್ತದೆ. ಹತ್ತು ದಿನಗಳಲ್ಲಿ ಒಬ್ಬಳಿಂದ 19 ಆಗಿದೆಯೆಂದರೆ ಸ್ಥೂಲವಾಗಿ ಒಬ್ಬೊಬ್ಬಳೂ ಇಬ್ಬರಿಗೆ ಅಥವಾ ಅದಕ್ಕಿಂತ ತುಸು ಹೆಚ್ಚು ಜನರಿಗೆ ದಾಟಿಸುತ್ತಿದ್ದಾಳೆ ಎಂದಾಯಿತು. ಊರಿನ ಜನಸಾಮಾನ್ಯರಲ್ಲಿ ಋತುಮಾನದ ಫ್ಲೂ ಒಬ್ಬರಿಂದ ಸರಾಸರಿ 1.3 ಜನರಿಗೆ ಮಾತ್ರ ದಾಟುತ್ತದೆ. ಹಾಸ್ಟೆಲಿನ ಇಕ್ಕಟ್ಟಿನಲ್ಲಿ ಆ ಸಂಖ್ಯೆ ಏರುತ್ತದೆ. ಈ ಲೆಕ್ಕದಲ್ಲಿ ಭಯಕ್ಕಿಂತ ಸಮಾಧಾನಕ್ಕೇ ಹೆಚ್ಚು ಕಾರಣವಿದೆ. ಹರಡುವ ಪ್ರಸಂಗಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ತಡೆದರೆ ಸಾಕು, ಒಬ್ಬಳಿಂದ ಒಬ್ಬಳಿಗೂ ದಾಟದ ಸ್ಥಿತಿ ಬಂದು ಅಲೆ ತಾನಾಗಿ ಇಳಿಯುತ್ತದೆ. ಪ್ರತಿಯೊಂದು ಸೋಂಕನ್ನೂ ತಡೆಯಬೇಕಿಲ್ಲ, ತಡೆಯಲು ಸಾಧ್ಯವೂ ಇಲ್ಲ, ಏಕೆಂದರೆ ಜ್ವರ ಕಾಣಿಸಿಕೊಳ್ಳುವ ಒಂದು ದಿನ ಮುಂಚೆಯೇ ಆ ಹುಡುಗಿ ಸೋಂಕು ಹರಡಲು ಆರಂಭಿಸಿರುತ್ತಾಳೆ. ಆದರೆ ಅತಿ ಹೆಚ್ಚು ವೈರಸ್ ಹೊರಬೀಳುವುದು ಜ್ವರದ ಮೊದಲ ಮೂರು ದಿನಗಳಲ್ಲಿ. ಆ ಮೂರು ದಿನ ಅವಳು ಎಲ್ಲಿದ್ದಾಳೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಎಲ್ಲಿರುತ್ತಾಳೆ? ನನ್ನ ಅನುಭವದಲ್ಲಿ ತರಗತಿಯಲ್ಲಿರುತ್ತಾಳೆ. ಕಾಲೇಜಿನ ಆರೋಗ್ಯ ಕೇಂದ್ರದಲ್ಲಿದ್ದಾಗ ಇಂಟರ್ನಲ್ಸ್ ನಡೆಯುತ್ತಿದ್ದ ಒಂದು ದಿನ ಪರೀಕ್ಷಾ ಕೊಠಡಿಯಿಂದ ಒಬ್ಬ ಹುಡುಗಿಯನ್ನು ಕರೆತಂದರು. ಬೆವರಿನಿಂದ ಕುರ್ತಾ ಒದ್ದೆಯಾಗಿತ್ತು, ಜ್ವರಮಾಪಕ 99 ಡಿಗ್ರಿ ತೋರಿಸಿತು. ಚೀಲದಲ್ಲಿ ಏನಿದೆ ಎಂದು ಕೇಳಿದಾಗ ಡೋಲೋ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಹದಿನೈದರಲ್ಲಿ ಎಂಟು ಗುಳಿಗಳು ಖಾಲಿಯಾಗಿದ್ದವು, ಎರಡೇ ದಿನಕ್ಕೆ. "ಇನ್ನೆರಡು ದಿನ ತಪ್ಪಿದರೆ ನನ್ನ ಅಟೆಂಡೆನ್ಸ್ ಎಪ್ಪತ್ತೈದಕ್ಕಿಂತ ಕೆಳಗೆ ಹೋಗುತ್ತೆ ಸರ್, ಹಾಲ್ ಟಿಕೆಟ್ ಕೊಡಲ್ಲ" ಎಂದಳು. ಅವಳ ಕೊಠಡಿಯ ಉಳಿದ ಮೂವರೂ ಅದೇ ವಾರ ನನ್ನ ಮುಂದೆ ಬಂದು ಕುಳಿತರು. ಅವರಿಗೆ ಸೋಂಕು ದಾಟಿಸಿದ್ದು ಅವಳ ಕೆಮ್ಮು ನಿಜ, ಆದರೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಜನರ ನಡುವೆ ಕೂರಿಸಿದ್ದು 75 ಪ್ರತಿಶತದ ನಿಯಮ.

ಆದ್ದರಿಂದ ಪ್ರಾಂಶುಪಾಲರಲ್ಲಿ ತಾವು ಕೇಳಿಕೊಳ್ಳಬೇಕಾದ ಮೊದಲ ವಿಷಯ ಇದು: ಈ ಅಲೆ ಇಳಿಯುವವರೆಗೆ, ಜ್ವರವೆಂದು ವಾರ್ಡನ್ ಬಳಿ ಹೆಸರು ಬರೆಸಿದ ವಿದ್ಯಾರ್ಥಿನಿಯ ಗೈರುಹಾಜರಿಯನ್ನು ಹಾಜರಿಯ ಲೆಕ್ಕದಿಂದ ಹೊರಗಿಡಲಾಗುವುದು, ತಪ್ಪಿದ ಇಂಟರ್ನಲ್ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಲಾಗುವುದು ಎಂದು ಸಹಿ ಮಾಡಿದ ಒಂದು ಸುತ್ತೋಲೆ ನಾಳೆಯೇ ಸೂಚನಾ ಫಲಕದಲ್ಲಿ ಬರಬೇಕು. ವೈದ್ಯಕೀಯ ಕಾರಣಕ್ಕೆ ಹಾಜರಿಯಲ್ಲಿ ವಿನಾಯಿತಿ ಕೊಡುವ ಅವಕಾಶ ಸಾಮಾನ್ಯವಾಗಿ ನಿಯಮಗಳಲ್ಲಿ ಇದ್ದೇ ಇರುತ್ತದೆ. ಅದನ್ನು ಸೆಮಿಸ್ಟರಿನ ಕೊನೆಯಲ್ಲಿ ಬೇಡಿಸಿಕೊಂಡು ಕೊಡುವ ಬದಲು ಈಗಲೇ ಘೋಷಿಸಿದರೆ ಆಯಿತು. ಮೊದಲ ಮೂರು ದಿನಗಳಿಗೆ ವೈದ್ಯರ ಸರ್ಟಿಫಿಕೇಟ್ ಕೇಳಬಾರದು. ಕೇಳಿದರೆ ಮಲಗಿರಬೇಕಾದ ಹುಡುಗಿ ಆಟೋ ಹತ್ತಿ ಕ್ಲಿನಿಕ್ಕಿಗೆ ಹೋಗಿ, ಬಸುರಿಯರು, ಮುದುಕರು, ಎಳೆಯ ಮಕ್ಕಳು ಕುಳಿತಿರುವ ಸಾಲಿನಲ್ಲಿ ಎರಡು ಗಂಟೆ ಕೆಮ್ಮುತ್ತ ಕೂರುತ್ತಾಳೆ. ಇದನ್ನು ದುರುಪಯೋಗ ಮಾಡಿಕೊಳ್ಳುವವರು ಇರುತ್ತಾರೆಯೇ ಎಂದರೆ, ಇರುತ್ತಾರೆ. ಹತ್ತರಲ್ಲಿ ಒಬ್ಬಳು ಸುಳ್ಳು ಜ್ವರ ಹೇಳಿ ತರಗತಿ ತಪ್ಪಿಸಿದರೆ ಆಗುವ ನಷ್ಟ, ನಿಜವಾದ ಜ್ವರವನ್ನು ಮುಚ್ಚಿಟ್ಟು ಬಂದು ಕೂರುವ ಒಬ್ಬಳಿಂದ ಆಗುವ ನಷ್ಟದ ಮುಂದೆ ಏನೂ ಅಲ್ಲ. ಅಧ್ಯಾಪಕರಿಗೂ ಇದೇ ಮಾತು ಅನ್ವಯಿಸುತ್ತದೆ. ರಜೆ ಉಳಿಸಿಕೊಳ್ಳಲು ಜ್ವರದಲ್ಲೇ ಬಂದು ಪಾಠ ಮಾಡುವವರನ್ನು ಕರ್ತವ್ಯನಿಷ್ಠರೆಂದು ಹೊಗಳುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಎರಡನೆಯದು ಜಾಗದ ಪ್ರಶ್ನೆ. 19 ಜನರಲ್ಲಿ ಈ ಹೊತ್ತು ಜ್ವರದಲ್ಲಿರುವವರು ಬಹುಶಃ ಏಳೆಂಟು ಮಂದಿ ಇರಬಹುದು, ಉಳಿದವರು ಚೇತರಿಸಿಕೊಂಡಿರುತ್ತಾರೆ. ಟಿವಿ ಕೋಣೆಯನ್ನೋ ಅತಿಥಿ ಕೊಠಡಿಯನ್ನೋ ಎರಡು ವಾರಗಳ ಮಟ್ಟಿಗೆ ಜ್ವರದವರಿಗೆ ಬಿಟ್ಟುಕೊಡಿ. ಎದುರುಬದುರು ಕಿಟಕಿಗಳಿರುವ, ಹತ್ತಿರದಲ್ಲೇ ಪ್ರತ್ಯೇಕ ಶೌಚಾಲಯವಿರುವ ಕೋಣೆಯಾದರೆ ಒಳ್ಳೆಯದು. ಹಾಸಿಗೆಗಳ ನಡುವೆ ಕನಿಷ್ಠ ಒಂದು ಮೀಟರ್ ಅಂತರವಿರಲಿ. ಇದರಲ್ಲೂ ಒಂದು ಅಪಾಯವಿದೆ ಎಂಬುದನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಬರುವ ಎಲ್ಲ ಜ್ವರವೂ ಫ್ಲೂ ಅಲ್ಲ. ಕೆಮ್ಮು, ಗಂಟಲು ನೋವು ಇಲ್ಲದೆ ಬರಿಯ ಜ್ವರ, ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ದದ್ದು ಇರುವವಳನ್ನು ಫ್ಲೂ ಕೋಣೆಗೆ ಸೇರಿಸದೆ ಡೆಂಗಿ ಪರೀಕ್ಷೆಗೆ ಕಳಿಸಬೇಕು. ಗದ್ದೆ, ಕೆಸರಿನಲ್ಲಿ ಓಡಾಡಿ ಬಂದವಳಾದರೆ ಇಲಿ ಜ್ವರದ ಸಂಶಯವನ್ನೂ ವೈದ್ಯರಿಗೆ ತಿಳಿಸಬೇಕು. ಜ್ವರದ ಕೋಣೆಗೆ ಸೊಳ್ಳೆ ಪರದೆ ಬೇಕೇಬೇಕು. ಊಟ ತಲುಪಿಸಲು, ವಿಚಾರಿಸಲು ಒಬ್ಬರೇ ವ್ಯಕ್ತಿ ಹೋಗಲಿ, ಅವರೂ ಒಳಗಿನವರೂ ಮಾಸ್ಕ್ ಧರಿಸಲಿ. ಸಾಧ್ಯವಾದರೆ ಲಸಿಕೆ ಪಡೆದವರನ್ನೋ ಈಗಾಗಲೇ ಇದೇ ಜ್ವರದಿಂದ ಎದ್ದವರನ್ನೋ ಆ ಕೆಲಸಕ್ಕೆ ಹಾಕಿ. ಸಕ್ಕರೆ ಕಾಯಿಲೆಯಿರುವ ಅಡುಗೆಯವರನ್ನು ಮಾತ್ರ ಹಾಕಬೇಡಿ. ಕೋಣೆಗೆ 'ಐಸೊಲೇಷನ್' ಎಂದು ಫಲಕ ತೂಗುಹಾಕುವ ಅಗತ್ಯವೂ ಇಲ್ಲ. ಅಲ್ಲಿಗೆ ಹೋಗುವುದು ಶಿಕ್ಷೆಯಂತೆ ಕಂಡ ದಿನವೇ ಹುಡುಗಿಯರು ಜ್ವರ ಮುಚ್ಚಿಡತೊಡಗುತ್ತಾರೆ. ಬಿಸಿ ಗಂಜಿ, ಉಪ್ಪಿನಕಾಯಿ, ಫೋನಿನ ಚಾರ್ಜಿಂಗ್ ಪಾಯಿಂಟ್ ಇದ್ದರೆ ತಾವಾಗಿಯೇ ಬಂದು ಮಲಗುತ್ತಾರೆ.

ಗಾಳಿಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮಲೆನಾಡಿನ ಹಾಸ್ಟೆಲುಗಳ ನಿಜವಾದ ತೊಂದರೆ ಇಲ್ಲಿದೆ. ಮಳೆಯಲ್ಲಿ ನೆನೆದರೆ ಫ್ಲೂ ಬರುತ್ತದೆ, ತಣ್ಣನೆಯ ಗಾಳಿ ಬಡಿದರೆ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ವೈರಸ್ ಇಲ್ಲದೆ ಬರಿಯ ಮಳೆಯಿಂದ ಫ್ಲೂ ಬಾರದು. ಆದರೂ ಕರ್ನಾಟಕದಲ್ಲಿ ಫ್ಲೂ ಏರುವುದು ಮಳೆಗಾಲದಲ್ಲೇ, ಮತ್ತೆ ಒಂದಿಷ್ಟು ಚಳಿಗಾಲದ ಕೊನೆಯ ತಿಂಗಳುಗಳಲ್ಲಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಸುದ್ದಿಯಾಗಿ, ಹಾಸನ ಜಿಲ್ಲೆಯ ವೃದ್ಧರೊಬ್ಬರು ತೀರಿಕೊಂಡದ್ದು ತಮಗೆ ನೆನಪಿರಬಹುದು. ಮಳೆಯ ದಿನಗಳಲ್ಲಿ ಎಲ್ಲರೂ ಒಳಗೆ ಸೇರುತ್ತಾರೆ, ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ. ನಾನು ನೋಡಿದ ಹಾಸ್ಟೆಲ್ ಕೊಠಡಿಗಳಲ್ಲಿ ಎರಚಲು ಬರುತ್ತದೆಂದು ಕಿಟಕಿಗೆ ಬೋಲ್ಟು ಜಡಿದಿತ್ತು, ಬಾಗಿಲ ಮೇಲಿನ ವೆಂಟಿಲೇಟರಿಗೆ ಹಳೆಯ ದಿನಪತ್ರಿಕೆ ಅಂಟಿಸಿದ್ದರು, ಮಂಚದಿಂದ ಮಂಚಕ್ಕೆ ಕಟ್ಟಿದ ಹಗ್ಗದಲ್ಲಿ ಒದ್ದೆ ಬಟ್ಟೆ ತೂಗುತ್ತಿತ್ತು, ನಾಲ್ಕು ತಲೆಗಳೂ ಒಂದೇ ಗೋಡೆಯ ಕಡೆಗಿದ್ದವು. ಇಂಥ ಕೋಣೆಯಲ್ಲಿ ರಾತ್ರಿಯಿಡೀ ಒಬ್ಬಳು ಕೆಮ್ಮಿದರೆ ಉಳಿದ ಮೂವರು ಅವಳ ಉಸಿರನ್ನೇ ಉಸಿರಾಡುತ್ತಿರುತ್ತಾರೆ. ಪತ್ರಿಕೆಯನ್ನು ಕಿತ್ತು ವೆಂಟಿಲೇಟರ್ ತೆರೆಸಿ. ಮಳೆ ಬಡಿಯದ ದಿಕ್ಕಿನ ಕಿಟಕಿಯನ್ನು ಒಂದು ಗೇಣಾದರೂ ತೆರೆದಿಡಲು ಹೇಳಿ, ಬೇಕಾದರೆ ಇನ್ನೊಂದು ಕಂಬಳಿ ಕೊಡಿಸಿ. ಒಬ್ಬಳ ತಲೆಯಿರುವ ಕಡೆ ಪಕ್ಕದವಳ ಕಾಲು ಬರುವಂತೆ ಮಲಗಿಸಿ. ಖರ್ಚಿಲ್ಲದ ಈ ಒಂದು ಬದಲಾವಣೆಯಿಂದ ಮುಖಗಳ ನಡುವಿನ ದೂರ ಸುಮಾರು ಎರಡು ಮೀಟರ್ ಆಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ತುಂಬಿ ತುಳುಕುವ ಓದುವ ಕೋಣೆಗೆ ಬದಲಾಗಿ ಮೆಸ್ಸನ್ನೂ ತೆರೆದಿಟ್ಟು ಗುಂಪನ್ನು ಒಡೆಯಿರಿ. ಊಟವನ್ನು ಎರಡು ಪಂಕ್ತಿ ಮಾಡಿದರೆ ಸಾಲಿನ ನೂಕುನುಗ್ಗಲೂ ತಪ್ಪುತ್ತದೆ.

ಕೈ ತೊಳೆಯುವುದು, ಮಾಸ್ಕ್ ಹಾಕುವುದು ಇವುಗಳ ಬಗ್ಗೆ ಕೋವಿಡ್ ನಂತರ ಜನಕ್ಕೆ ಬೇಸರ ಬಂದುಬಿಟ್ಟಿದೆ. ಆದರೆ ಕಾಲೇಜು ಹಾಸ್ಟೆಲುಗಳಲ್ಲೇ ನಡೆದ ಒಂದು ಒಳ್ಳೆಯ ಅಧ್ಯಯನ ಕೋವಿಡ್‌ಗೂ ಬಹಳ ಹಿಂದಿನದು. 2006–07ರ ಫ್ಲೂ ಋತುವಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯಗಳಲ್ಲಿ ಕೆಲವು ಕಡೆ ಮಾಸ್ಕ್ ಜೊತೆಗೆ ಕೈ ಶುಚಿಯನ್ನು, ಕೆಲವು ಕಡೆ ಮಾಸ್ಕ್ ಮಾತ್ರವನ್ನು ಜಾರಿಗೆ ತಂದು, ಏನನ್ನೂ ಮಾಡದ ನಿಲಯಗಳೊಂದಿಗೆ ಹೋಲಿಸಿ ನೋಡಿದರು. ಎರಡನ್ನೂ ಮಾಡಿದ ಕಡೆ ನಾಲ್ಕರಿಂದ ಆರನೆಯ ವಾರದ ಹೊತ್ತಿಗೆ ಫ್ಲೂ ಬಗೆಯ ಕಾಯಿಲೆ 35ರಿಂದ 51 ಪ್ರತಿಶತದಷ್ಟು ಇಳಿದಿತ್ತು. ಮಾಸ್ಕ್ ಮಾತ್ರ ಹಾಕಿದ ಗುಂಪಿನಲ್ಲಿ ಅಷ್ಟು ಸ್ಪಷ್ಟವಾದ ಲಾಭ ಕಾಣಲಿಲ್ಲ. ನಾನು ಇದರಿಂದ ತೆಗೆದುಕೊಳ್ಳುವ ಪಾಠ ಎರಡು. ಯಾವ ಒಂದು ಕ್ರಮವನ್ನೂ ಒಂಟಿಯಾಗಿ ನಂಬಬಾರದು. ಫಲ ನಾಳೆಯೇ ಕಾಣದಿದ್ದರೆ ಕೈಬಿಡಲೂಬಾರದು. ಎಲ್ಲ 164 ಜನರೂ ಹಗಲಿಡೀ ಮಾಸ್ಕ್ ಹಾಕುತ್ತಾರೆಂದು ನಾನು ನಿರೀಕ್ಷಿಸುವುದಿಲ್ಲ. ಕೆಮ್ಮುವವರು, ಅವರ ಕೊಠಡಿಯವರು, ಪರೀಕ್ಷಾ ಕೊಠಡಿಯಲ್ಲಿ ಕೂರುವವರು ಹಾಕಿದರೂ ಬಹಳವಾಯಿತು.

ಕೈ ತೊಳೆಯಲು ಸಾಬೂನು ಬೇಕು, ಅಷ್ಟೇ. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸಾಬೂನು ಅದನ್ನು ಒಡೆಯುತ್ತದೆ. ಬಿಸಿನೀರಾದರೂ ತಣ್ಣೀರಾದರೂ ಒಂದೇ. ಮೆಸ್ಸಿನ ವಾಷ್ ಬೇಸಿನ್ನಿನ ಹತ್ತಿರ ಸಾಬೂನು ಇದೆಯೇ ಎಂದು ಇಂದು ಸಂಜೆ ತಾವೇ ಹೋಗಿ ನೋಡಿ. ಬಹಳ ಕಡೆ ಬಿಲ್ಲಿನಲ್ಲಿ ಇರುತ್ತದೆ, ಬೇಸಿನ್ನಿನಲ್ಲಿ ಇರುವುದಿಲ್ಲ. ಕುಡಿಯುವ ನೀರಿನ ಫಿಲ್ಟರಿಗೆ ಸರಪಳಿ ಹಾಕಿ ಕಟ್ಟಿದ ಒಂದೇ ಸ್ಟೀಲ್ ಲೋಟವಿದ್ದರೆ ಅದನ್ನು ಬಿಚ್ಚಿಸಿ, ಪ್ರತಿಯೊಬ್ಬಳೂ ತನ್ನ ಬಾಟಲಿ ತರಲಿ. ಕಚ್ಚದೆ ಎತ್ತಿ ಕುಡಿಯುವ ನಮ್ಮ ಹಿರಿಯರ ಅಭ್ಯಾಸ ಎಂಜಲಿನ ದೃಷ್ಟಿಯಿಂದ ಒಳ್ಳೆಯದೇ ಆಗಿತ್ತು, ಆದರೆ ಲೋಟದ ಹಿಡಿಯನ್ನು ಎಲ್ಲರೂ ಹಿಡಿದೇ ಹಿಡಿಯುತ್ತಾರೆ. ಸ್ಟೀಲ್, ಪ್ಲಾಸ್ಟಿಕ್‌ನಂಥ ನುಣುಪು ಮೇಲ್ಮೈಗಳಲ್ಲಿ ಈ ವೈರಸ್ ಒಂದೆರಡು ದಿನ ಉಳಿಯಬಲ್ಲದು. ಬಾಗಿಲ ಚಿಲಕ, ನಲ್ಲಿ, ಸ್ವಿಚ್ಚುಗಳನ್ನು ದಿನಕ್ಕೊಮ್ಮೆ ಮಾಮೂಲಿ ಫಿನಾಯಿಲ್ ಅಥವಾ ಸಾಬೂನು ನೀರಿನಿಂದ ಒರೆಸಿದರೆ ಸಾಕು.

ಫಾಗಿಂಗ್ ಕೊಲ್ಲುವುದು ಹಾರಾಡುವ ಸೊಳ್ಳೆಗಳನ್ನು. ಫ್ಲೂಗೂ ಸೊಳ್ಳೆಗೂ ಸಂಬಂಧವಿಲ್ಲ. ಕೆಮ್ಮುವ ಮಕ್ಕಳಿಗೆ ಆ ಹೊಗೆ ಇನ್ನಷ್ಟು ಕೆಮ್ಮು ತರಿಸುತ್ತದೆ. ಆ ಹಣ ಕೈಯಲ್ಲಿದ್ದರೆ ಟೆರೇಸಿನ ಟ್ಯಾಂಕಿಗೆ ಮುಚ್ಚಳ ಮಾಡಿಸಿ, ಡೆಂಗಿಗಾದರೂ ಉಪಯೋಗವಾದೀತು. ಕೋಣೆಗೆ ಸೋಂಕುನಾಶಕ ಸಿಂಪಡಿಸುವುದು, ಕರ್ಪೂರ–ಓಮದ ಗಂಟನ್ನು ಕೊರಳಿಗೆ ಕಟ್ಟಿಕೊಳ್ಳುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಷಾಯದ ವಿಷಯ ಬೇರೆ. ಅದು ಸೋಂಕನ್ನು ತಡೆಯುವುದಿಲ್ಲ, ಆದರೆ ಕಟ್ಟಿದ ಗಂಟಲಿಗೆ ಹಿತ, ದೇಹಕ್ಕೆ ನೀರು ಹೋಗುತ್ತದೆ, ಯಾರೋ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಧೈರ್ಯ ಬರುತ್ತದೆ. ಕೊಡಿ, ಒಂದೇ ಕೋಣೆಯಲ್ಲಿ 164 ಜನರನ್ನು ಸಾಲು ನಿಲ್ಲಿಸಿ ಮಾತ್ರ ಕೊಡಬೇಡಿ. ಹಬೆ ತೆಗೆದುಕೊಳ್ಳುವಾಗ ಕುದಿಯುವ ನೀರಿನ ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ವಿದ್ಯಾರ್ಥಿಗಳಿಗೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ, ಆದ್ದರಿಂದ ಕೊಠಡಿಗಳಲ್ಲಿ ಅದು ಬೇಡ.

ಅಜಿತ್ರೊಮೈಸಿನ್ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಔಷಧ, ಫ್ಲೂ ಬರುವುದು ವೈರಸ್ಸಿನಿಂದ. ಮೂರನೆಯ ದಿನ ನುಂಗಿದ ಮಾತ್ರೆಯಿಂದ ನಾಲ್ಕನೆಯ ದಿನ ಜ್ವರ ಬಿಟ್ಟಿತು ಎನ್ನುವವರು ಇರುತ್ತಾರೆ. ಫ್ಲೂ ಜ್ವರ ಹೇಗೂ ಮೂರು ನಾಲ್ಕು ದಿನಗಳಲ್ಲಿ ಬಿಡುವಂಥದ್ದು. ಚೀಟಿಯಿಲ್ಲದೆ ಮಾರಬಾರದ ಆ ಔಷಧವನ್ನು ಕೊಡುತ್ತಿರುವ ಅಂಗಡಿಯವರಿಗೆ ತಾವೇ ಒಂದು ಮಾತು ಹೇಳಿದರೆ ಒಳ್ಳೆಯದು. ಒಂದೇ ಒಂದು ವಿಡಾಲ್ ಪರೀಕ್ಷೆಯನ್ನು ನಂಬಿ 'ಟೈಫಾಯಿಡ್ ಕೂಡ ಇದೆ' ಎಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಬರುವವರ ಬಗ್ಗೆಯೂ ಎಚ್ಚರವಿರಲಿ, ಆ ಪರೀಕ್ಷೆ ಒಂಟಿಯಾಗಿ ನಂಬಲರ್ಹವಲ್ಲ. ಬಹುತೇಕರಿಗೆ ಬೇಕಾದದ್ದು ವಿಶ್ರಾಂತಿ, ಗಂಜಿ, ಮಜ್ಜಿಗೆ, ಎಳನೀರು ಮತ್ತು ಆರು ಗಂಟೆಗಳ ಅಂತರದಲ್ಲಿ ಒಂದೊಂದು ಪ್ಯಾರಾಸಿಟಮಾಲ್. ನೆಗಡಿಗೆಂದು ಮಾರುವ ಹಲವು ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಆಸ್ಪಿರಿನ್ ಬೇಡವೇ ಬೇಡ, ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಐಬುಪ್ರೊಫೆನ್ ಕೂಡ ಬೇಡ.

ಟ್ಯಾಮಿಫ್ಲೂ, ಅಂದರೆ ಒಸೆಲ್ಟಾಮಿವಿರ್, ನಿಜಕ್ಕೂ ಫ್ಲೂ ವೈರಸ್ಸಿನ ಮೇಲೆ ಕೆಲಸ ಮಾಡುತ್ತದೆ, ಆದ್ದರಿಂದ ಆ ಪೋಷಕರ ಮಾತನ್ನು ತಳ್ಳಿಹಾಕುವಂತಿಲ್ಲ. ಜ್ವರ ಬಂದ 48 ಗಂಟೆಗಳೊಳಗೆ ಆರಂಭಿಸಿದರೆ ಆರೋಗ್ಯವಂತರಲ್ಲಿ ಕಾಯಿಲೆ ಸುಮಾರು ಒಂದು ದಿನ ಮೊಟಕಾಗುತ್ತದೆ. ಮುಂಜಾಗ್ರತೆಯಾಗಿಯೂ ಕೊಡಬಹುದು: 2009ರಲ್ಲಿ ಸಿಂಗಪುರದ ಸೇನಾ ಶಿಬಿರಗಳಲ್ಲಿ ಸೋಂಕಿತರನ್ನು ಬೇರ್ಪಡಿಸಿ ಅವರ ಸುತ್ತಲಿನವರಿಗೆ ಈ ಔಷಧ ಕೊಟ್ಟಾಗ ಸೋಂಕಿನ ಪ್ರಮಾಣ 6.4 ಪ್ರತಿಶತದಿಂದ 0.6ಕ್ಕೆ ಇಳಿಯಿತು. ಆದರೆ ಅದು ಸೇನಾ ಶಿಬಿರ, ಆದೇಶದಂತೆ ಎಲ್ಲರೂ ನುಂಗುತ್ತಾರೆ, ಹೊರಗಿನವರು ಬರುವುದಿಲ್ಲ. ತಮ್ಮಲ್ಲಿ ದಿನವೂ ನೂರಾರು ಡೇ ಸ್ಕಾಲರುಗಳು ತರಗತಿಗೆ ಬಂದು ಹೋಗುತ್ತಾರೆ, ಗುಳಿಗೆ ನಿಲ್ಲಿಸಿದ ಮರುದಿನದಿಂದ ರಕ್ಷಣೆ ಇಲ್ಲ. ಹೊಟ್ಟೆ ತೊಳಸುವುದು, ವಾಂತಿ ಇದರ ಸಾಮಾನ್ಯ ಅಡ್ಡಪರಿಣಾಮ; ವಾಂತಿಯಾದ ಕೂಡಲೇ ಅರ್ಧಕ್ಕೆ ಬಿಡುವವರಿರುತ್ತಾರೆ. ಎಲ್ಲೆಂದರಲ್ಲಿ ಬಳಸಿದರೆ ವೈರಸ್ಸಿಗೆ ಔಷಧ ನಾಟದಂತಾಗುವ ಭಯವೂ ಇದೆ. ಹೀಗಾಗಿ 164 ಜನರಿಗೂ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವ ವಿದ್ಯಾರ್ಥಿನಿಯರ ಮತ್ತು ಸಿಬ್ಬಂದಿಯ ಹೆಸರುಗಳನ್ನು ಇಂದೇ ಪಟ್ಟಿ ಮಾಡಿ, ಗರ್ಭಿಣಿಯರಿದ್ದರೆ ಅವರನ್ನೂ ಸೇರಿಸಿ ವೈದ್ಯರಿಗೆ ಕೊಡಿ. ಇಂಥವರಿಗೆ ಜ್ವರ ಬಂದರೆ ವರದಿಗಾಗಿ ಕಾಯದೆ ಔಷಧ ಆರಂಭಿಸಬೇಕಾಗುತ್ತದೆ. ಅವರ ಕೊಠಡಿಯಲ್ಲಿ ಯಾರಿಗಾದರೂ ಜ್ವರವಿದ್ದರೆ ಮುಂಜಾಗ್ರತೆಗೆ ಕೊಡುವ ಬಗ್ಗೆಯೂ ವೈದ್ಯರು ಯೋಚಿಸಬಹುದು.

ಲಸಿಕೆ ಒಳ್ಳೆಯದು, ಆದರೆ ಈ ಅಲೆಗೆ ತಡವಾಯಿತು. ಚುಚ್ಚಿಸಿಕೊಂಡ ಸುಮಾರು ಎರಡು ವಾರಗಳ ನಂತರವೇ ರಕ್ಷಣೆ ಬರುವುದು. ಅಷ್ಟರಲ್ಲಿ ಹಾಸ್ಟೆಲಿನ ಈ ಸುತ್ತು ಬಹುಪಾಲು ಮುಗಿದಿರುತ್ತದೆ. ವೈರಸ್ ಮತ್ತು ಲಸಿಕೆ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದು ಕಾಯಿಲೆಯನ್ನು 40ರಿಂದ 60 ಪ್ರತಿಶತ ತಗ್ಗಿಸುತ್ತದೆ, ತೀವ್ರ ಸ್ವರೂಪಕ್ಕೆ ಹೋಗುವುದನ್ನೂ ತಡೆಯುತ್ತದೆ. ವೈರಸ್ ಬದಲಾಗುತ್ತಿರುವುದರಿಂದ ಪ್ರತಿ ವರ್ಷವೂ ಹಾಕಿಸಿಕೊಳ್ಳಬೇಕು. ನಮ್ಮ ಭಾಗಕ್ಕೆ ಸರಿಯಾದ ಕಾಲ ಏಪ್ರಿಲ್–ಮೇ, ಅಂದರೆ ಮಳೆ ಹಿಡಿಯುವ ಮುಂಚೆ. ಖಾಸಗಿಯಲ್ಲಿ ಒಂದು ಡೋಸಿಗೆ ಸಾವಿರ ರೂಪಾಯಿ ದಾಟುವ ಕಾರಣ ಎಲ್ಲರಿಗೂ ಕಡ್ಡಾಯ ಮಾಡಿ ಎಂದು ನಾನು ಹೇಳಲಾರೆ. ಮೇಲೆ ಹೇಳಿದ ಪಟ್ಟಿಯಲ್ಲಿರುವವರಿಗೆ ಈಗಲೂ ಹಾಕಿಸಬಹುದು, ಮುಂದಿನ ಅಲೆಗಾದರೂ ಬರುತ್ತದೆ. ಚುಚ್ಚುಮದ್ದಿನಲ್ಲಿರುವುದು ಸತ್ತ ವೈರಸ್, ಅದರಿಂದ ಫ್ಲೂ ಬರಲಾರದು. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಮಗುವಾಗಿದ್ದಾಗ 'ಇನ್‌ಫ್ಲುಯೆಂಜಾ ಲಸಿಕೆ' ಹಾಕಿಸಿದ್ದೇವೆ ಎಂದು ಕಾರ್ಡ್ ತೋರಿಸುವ ಪೋಷಕರೂ ಇದ್ದಾರೆ. ಅದು ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ವಿರುದ್ಧದ ಲಸಿಕೆ. 1892ರಲ್ಲಿ ಅದನ್ನು ಕಂಡವರು ಫ್ಲೂಗೆ ಅದೇ ಕಾರಣ ಎಂದು ತಿಳಿದು ಆ ಹೆಸರು ಬರುವಂತೆ ಮಾಡಿದರು, ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು 1933ರಲ್ಲಿ. ಹೆಸರು ಮಾತ್ರ ಇಂದಿಗೂ ಗೊಂದಲ ಮಾಡುತ್ತಿದೆ.

ಹಾಸ್ಟೆಲ್ ಮುಚ್ಚುವ ಯೋಚನೆ ನನಗೆ ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಾಣುತ್ತದೆ. ಇಂದು ಆರೋಗ್ಯವಾಗಿ ಕಾಣುವವರಲ್ಲಿ ಕೆಲವರ ದೇಹದಲ್ಲಿ ವೈರಸ್ ಈಗಾಗಲೇ ಇದೆ. ಅವರು ತುಂಬಿದ ಬಸ್ಸಿನಲ್ಲಿ, ಮಳೆಗೆಂದು ಗಾಜು ಎಳೆದುಕೊಂಡು ನಾಲ್ಕು ಗಂಟೆ ಪ್ರಯಾಣ ಮಾಡಿ, ಮನೆಯಲ್ಲಿ ಅಜ್ಜಿಯ ಪಕ್ಕ ಮಲಗುತ್ತಾರೆ. ಹತ್ತೊಂಬತ್ತರ ಹುಡುಗಿಗೆ ಐದು ದಿನದ ಜ್ವರವಾಗಿ ಮುಗಿಯುವುದು, ಎಪ್ಪತ್ತೈದು ವರ್ಷದ ಅಜ್ಜಿಗೆ ನ್ಯುಮೋನಿಯಾ ಆಗಬಹುದು. ಅಲ್ಲಿ ಹತ್ತಿರದಲ್ಲಿ ಆಸ್ಪತ್ರೆ ಇರುತ್ತದೆಯೆಂಬ ಭರವಸೆಯೂ ಇಲ್ಲ. ಮನೆಗೆ ಹೋಗಲೇಬೇಕೆನ್ನುವವರು ಹೋಗಲಿ, ಸ್ವಂತ ವಾಹನದಲ್ಲಿ ಕರೆದೊಯ್ಯುವಂತಿದ್ದರೆ ಮತ್ತು ಮನೆಯಲ್ಲಿ ಮುದುಕರು, ಬಸುರಿ, ಹಸುಗೂಸು ಇಲ್ಲದಿದ್ದರೆ. ಜ್ವರದವರನ್ನು ನೋಡಿಕೊಳ್ಳುವ ಸಿಬ್ಬಂದಿಯೇ ಮಲಗಿಬಿಟ್ಟರೆ ಮುಚ್ಚುವುದು ಅನಿವಾರ್ಯವಾಗುತ್ತದೆ, ಅದು ಬೇರೆ ಮಾತು. ಇಷ್ಟು ಜನಕ್ಕೆ ಒಂದೇ ಕಡೆ ಜ್ವರ ಬಂದಿರುವ ವಿಷಯವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ. ಅಲ್ಲಿಂದ ಜಿಲ್ಲಾ ಸರ್ವೇಕ್ಷಣಾಧಿಕಾರಿಗಳಿಗೆ ಹೋಗುತ್ತದೆ. ಇನ್ನು ಮುಂದೆ ಪ್ರತಿಯೊಬ್ಬರಿಗೂ ಫ್ಲೂ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ, ಎರಡು ವರದಿಗಳಿಂದ ಈ ಅಲೆ ಯಾವುದೆಂದು ತಿಳಿದಾಗಿದೆ.

ಸರ್ಕಾರದ ಮಾರ್ಗಸೂಚಿ ಫ್ಲೂ ಬಗೆಯ ಜ್ವರವನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ತಮ್ಮಲ್ಲಿ ಹೆಚ್ಚಿನವರು ಎ ಗುಂಪಿನವರು: ಸಾಧಾರಣ ಜ್ವರ, ಕೆಮ್ಮು, ಇದ್ದಲ್ಲೇ ಆರೈಕೆ. ತೀವ್ರ ಜ್ವರವೂ ಗಂಟಲು ನೋವೂ ಇರುವವರು, ಮೊದಲೇ ಬೇರೆ ಕಾಯಿಲೆ ಇರುವವರು ಬಿ ಗುಂಪಿಗೆ ಸೇರುತ್ತಾರೆ, ಅವರನ್ನು ವೈದ್ಯರು ನೋಡಬೇಕು. ಉಸಿರಾಟಕ್ಕೆ ಕಷ್ಟ, ಎದೆನೋವು, ಎಬ್ಬಿಸಿದರೂ ಏಳದಂಥ ಮಂಪರು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಸಿ ಗುಂಪಿನ ಲಕ್ಷಣಗಳು. ಆಗ ಪೋಷಕರ ಒಪ್ಪಿಗೆಗೆ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕಚೇರಿಯ ಡ್ರಾಯರಿನಲ್ಲಿ ಬಿದ್ದಿದ್ದರೆ ಹೊಸ ಸೆಲ್ ಹಾಕಿ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ, ಉಗುರುಬಣ್ಣ ಒರೆಸಿ ನೋಡಬೇಕು. 94ಕ್ಕಿಂತ ಕೆಳಗಿಳಿದರೆ ತಡಮಾಡಬೇಡಿ. ಇನ್ನೊಂದನ್ನು ಜನ ಗಮನಿಸುವುದಿಲ್ಲ: ಜ್ವರ ಬಿಟ್ಟು ಒಂದೆರಡು ದಿನ ಚೆನ್ನಾಗಿದ್ದವಳಿಗೆ ಐದಾರನೆಯ ದಿನ ಮತ್ತೆ ಜೋರು ಜ್ವರ, ಹಳದಿ ಕಫ ಬಂದರೆ ಅದು ಫ್ಲೂ ಹಿಂದೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. ಆ್ಯಂಟಿಬಯೋಟಿಕ್ ನಿಜವಾಗಿ ಬೇಕಾಗುವುದು ಆಗ.

ಮನೆಗೆ ಹೋದ ಮೂವರ ವಿಷಯ ಸುಲಭ. ಪ್ಯಾರಾಸಿಟಮಾಲ್ ನುಂಗದೆಯೇ ಪೂರ್ತಿ 24 ಗಂಟೆ ಜ್ವರ ಬಾರದಿದ್ದರೆ ಮರುದಿನ ಬರಬಹುದು. ಒಟ್ಟು ಐದರಿಂದ ಏಳು ದಿನಗಳವರೆಗೆ ಅಲ್ಪಸ್ವಲ್ಪ ವೈರಸ್ ಹೊರಬೀಳುವ ಸಾಧ್ಯತೆ ಇದೆ. ಹಾಗೆಂದು ಅಷ್ಟೂ ದಿನ ಮನೆಯಲ್ಲೇ ಉಳಿಯಬೇಕಿಲ್ಲ, ಮಾಸ್ಕ್ ಹಾಕಿಕೊಂಡು, ಅಸ್ತಮಾ ಇರುವವರ ಕೊಠಡಿ ತಪ್ಪಿಸಿ ಇದ್ದರೆ ಸಾಕು. ಕೆಮ್ಮು ಎರಡು ವಾರ ಉಳಿಯಬಹುದು. ಜ್ವರವಿಲ್ಲದ ಬರಿಯ ಕೆಮ್ಮಿಗಾಗಿ ಯಾರನ್ನೂ ಹೊರಗಿಡಬೇಡಿ. ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕೆಂದು ಮಾತ್ರ ಹೇಳಬೇಡಿ, ಮೂರು ದಿನದ ಗೈರುಹಾಜರಿಯನ್ನು ಪುಸ್ತಕದಲ್ಲಿ ಸರಿಪಡಿಸಿ ಒಳಗೆ ಕರೆದುಕೊಳ್ಳಿ.